ಕುರ್ಚಿ ನಾಲ್ಕನೇ ಹಂತದಲ್ಲಿದೆ

ನಮ್ಮ ಆಫೀಸಿಗೂ ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಬಂತು, ಅಂದರೆ ಪ್ರತಿ ಕೆಲಸವನ್ನೂ ಹಂತ ಹಂತವಾಗಿ ನಕ್ಷೆ ಬರೆದು, ಅಳೆದು ನಡೆಸುವ ಪದ್ಧತಿ. ನಿಮ್ಮಲ್ಲಿಗೆ ಆಗಲೇ ಬಂದಿರುತ್ತದೆ, ಇಲ್ಲಾಂದ್ರೆ ದಾರಿಯಲ್ಲಿರುತ್ತದೆ. ಹಾಗಾಗಿ ಹೆಚ್ಚು ವಿವರಿಸುವ ಶ್ರಮ ಬೇಡ.

ಈಚೆಗೆ ನನ್ನ ಕುರ್ಚಿಯ ಒಂದು ಚಕ್ರ ಕಳಚಿತು. ಹಿಂದೆಲ್ಲ ಸ್ಟೋರ್‌ನವರ ಹತ್ತಿರ ಹೋಗಿ ‘ಚಕ್ರ’ ಅಂದರೆ ಸಾಕು, ಡ್ರಾಯರ್ ಎಳೆದು ಒಂದನ್ನು ಕೈಗಿಡುತ್ತಿದ್ದರು. ಐದು ನಿಮಿಷ, ಅದರಲ್ಲಿ ನಾಲ್ಕು ಹರಟೆಗೆ. ಈಗ ಅದು ಪ್ರಕ್ರಿಯೆ. ಮುರಿದ ಜಾಗದ ಫೋಟೊ ಸಮೇತ ಪೋರ್ಟಲ್‌ನಲ್ಲಿ ಮನವಿ ಹಾಕಿದೆ. ಮೂರು ವಾರವಾದರೂ ಕುರ್ಚಿ ನಾಲ್ಕನೇ ಹಂತ ದಾಟಲಿಲ್ಲ. ನಾನು ಎಡಕ್ಕೆ ವಾಲಿಕೊಂಡೇ ಕೆಲಸ ಮಾಡಿದೆ.

ಗೋಡೆ ತುಂಬ ಈ ಹಂತಗಳ ನಕ್ಷೆ ಅಂಟಿಸಿದ್ದಾರೆ, ಬಲು ಚೆಂದ. ಇಡೀ ಸಂಸ್ಥೆ ಅಂದರೆ ಪೂಲ್, ಒಂದೊಂದು ವಿಭಾಗಕ್ಕೆ ಒಂದೊಂದು ಲೇನ್. ಈಜುಕೊಳವೇ ಸರಿ, ಮುಳುಗಲು ಅನುಕೂಲ. ಚೌಕ ಅಂದರೆ ಕೆಲಸ. ತೆಳು ಗೆರೆಯ ವೃತ್ತ ಶುರು, ದಪ್ಪ ಗೆರೆಯದು ಕೊನೆ. ಈ ಚಿತ್ರಭಾಷೆಗೆ ಬಿಪಿಎಂಎನ್ ಅಂತ ಹೆಸರು. 2011ರಲ್ಲಿ ಬಂದ ಎರಡನೇ ಆವೃತ್ತಿಯ ನಿಯಮಗಳೇ 500 ಪುಟ ದಾಟುತ್ತವೆ. 2013ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಕೂಡ ಮುದ್ರೆ ಒತ್ತಿತು. ವೃತ್ತದೊಳಗೆ ಗಡಿಯಾರ ಇದ್ದರೆ ಸಮಯಕ್ಕೆ ಕಾಯಬೇಕು ಅಂತ ಅರ್ಥ. ನಮ್ಮ ನಕ್ಷೆಯಲ್ಲಿ ಗಡಿಯಾರಗಳೇ ಜಾಸ್ತಿ. ಎರಡು ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ಮನವಿ ಮೇಲಿನವರಿಗೆ ಹೋಗುತ್ತದೆ. ಮೇಲಿನವರು ರಜೆಯಲ್ಲಿದ್ದಾರೆ. ಅವರ ರಜೆಯೂ ಒಂದು ಪ್ರಕ್ರಿಯೆ ಅಲ್ವಾ, ಅದಕ್ಕಿನ್ನೂ ಒಪ್ಪಿಗೆ ಬಂದಿಲ್ಲ. ಆದ್ದರಿಂದ ಸಿಸ್ಟಮ್ ಲೆಕ್ಕದಲ್ಲಿ ಅವರು ಆಫೀಸಿನಲ್ಲೇ ಇದ್ದಾರೆ.

ಒಂದು ಕಾಲಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಮೈಕೆಲ್ ಹ್ಯಾಮರ್ 1990ರಲ್ಲೇ ಬಡಕೊಂಡಿದ್ದ: ದನ ತುಳಿದು ಆದ ದಾರಿಗೆ ಡಾಂಬರು ಹಾಕಬೇಡಿ, ಬೇಡದ ಕೆಲಸವನ್ನು ಕಂಪ್ಯೂಟರಿಗೆ ಏರಿಸುವ ಬದಲು ಕಿತ್ತೆಸೆಯಿರಿ ಅಂತ. ಹೆಸರಿನಲ್ಲೇ ಸುತ್ತಿಗೆ ಇದ್ದರೂ ಯಾರ ತಲೆಗೂ ತಾಗಲಿಲ್ಲ. ನಮ್ಮವರು ಡಾಂಬರೂ ಹಾಕಿದರು, ಮೇಲೊಂದು ಟೋಲ್ ಗೇಟೂ ಕಟ್ಟಿದರು. ದೊಡ್ಡ ಖರೀದಿಗೆ ಹಿಂದೆ ಆರು ಸಹಿ ಬೇಕಿತ್ತು. ಈಗ ಆರು ಕ್ಲಿಕ್. ಚಕ್ರಕ್ಕೂ ಆರೇ. ಭೇದಭಾವ ಇಲ್ಲ.

ವರದಿಯಲ್ಲಿ ಮಾತ್ರ ಎಲ್ಲವೂ ಹಸಿರು. ಗಡುವು ಮುಗಿಯುವ ಹಿಂದಿನ ಸಂಜೆ ಟಿಕೆಟ್ಟನ್ನು, ಅಂದರೆ ಪೋರ್ಟಲ್‌ನಲ್ಲಿ ಹಾಕಿದ ಮನವಿಯನ್ನು, ‘ಪರಿಹಾರವಾಗಿದೆ’ ಅಂತ ಮುಚ್ಚುತ್ತಾರೆ. ಬೆಳಿಗ್ಗೆ ‘ಹೊಸದು ಹಾಕಿ’ ಅನ್ನುತ್ತಾರೆ. ಆ ಪ್ರಕಾರ ನನ್ನ ಚಕ್ರ ಈಗಾಗಲೇ ಎರಡು ಸಲ ಬಂದಿದೆ.

ತಮಾಷೆ ಮಾಡಿ ಮಾಡಿ ಸುಸ್ತಾಯಿತು. ಇಷ್ಟೆಲ್ಲ ನಕ್ಷೆ ಬರೆದವರು ಸ್ಟೋರ್‌ನವರನ್ನು ಒಂದು ಮಾತು ಕೇಳಿಲ್ಲ. ಯಾವ ಕುರ್ಚಿಗೆ ಯಾವ ಚಕ್ರ ಅಂತ ಕಣ್ಣುಮುಚ್ಚಿ ಹೇಳುವ ಮನುಷ್ಯ. ನಕ್ಷೆಯಲ್ಲಿ ಅವರ ಪಾಲಿಗೆ ಒಂದೇ ಚೌಕ: ‘ವಸ್ತು ನೀಡುವುದು’. ಅವರಿಗೆ ಏನು ಗೊತ್ತು ಅನ್ನುವುದು ಯಾರಿಗೂ ಬೇಡ, ಎಷ್ಟು ನಿಮಿಷ ತಗೊಂಡರು ಅನ್ನುವುದಷ್ಟೇ ಬೇಕು. ನಾಚಿಕೆಯಾಗಬೇಕು.

ನಿನ್ನೆ ಸಂಜೆ ಅವರೇ ಬಂದರು. ಜೇಬಿನಿಂದ ಚಕ್ರ ತೆಗೆದರು, ಕುರ್ಚಿ ಮಗುಚಿದರು, ಟಪ್ ಅಂತ ಒತ್ತಿದರು. ‘ಯಾರಿಗೂ ಹೇಳಬೇಡಿ ಸಾರ್, ಟಿಕೆಟ್ ಇನ್ನೂ ಓಪನ್ ಇದೆ’ ಅಂದರು.

ಇವತ್ತು ಬೆಳಿಗ್ಗೆ ಪೋರ್ಟಲ್‌ನಿಂದ ಮೇಲ್ ಬಂತು. ಮನವಿ ತಿರಸ್ಕೃತವಾಗಿದೆ. ಕಾರಣ: ಫೋಟೊದಲ್ಲಿ ಚಕ್ರ ಕಾಣುತ್ತಿಲ್ಲ.