ಈರುಳ್ಳಿ ಬುಟ್ಟಿಗೆ ಬಿದ್ದ ಹೂವು

1562ರಲ್ಲಿ ಇಸ್ತಾಂಬುಲ್‌ನಿಂದ ಆಂಟ್‌ವರ್ಪ್ ಬಂದರಿಗೆ ಬಂದಿಳಿದ ಬಟ್ಟೆಯ ಮೂಟೆಗಳ ನಡುವೆ ಒಂದಿಷ್ಟು ಗೆಡ್ಡೆಗಳೂ ಇದ್ದವಂತೆ. ಅವನ್ನು ಈರುಳ್ಳಿಯೆಂದೇ ತಿಳಿದ ವ್ಯಾಪಾರಿ ಕೆಲವನ್ನು ಕೆಂಡದಲ್ಲಿ ಸುಟ್ಟು, ಎಣ್ಣೆ ಮತ್ತು ವಿನೆಗರ್ ಬೆರೆಸಿ ತಿಂದ. ಉಳಿದವನ್ನು ಹಿತ್ತಲಿನ ತರಕಾರಿಯ ನಡುವೆ ನೆಟ್ಟು ಮರೆತುಬಿಟ್ಟ. ಮೆಖೆಲೆನ್ ಊರಿನ ಯೋರಿಸ್ ರೈ ಎಂಬ ಸಸ್ಯಪ್ರೇಮಿಯ ಕಣ್ಣಿಗೆ ಬೀಳದೆ ಹೋಗಿದ್ದರೆ ಆ ಗೆಡ್ಡೆಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಇದನ್ನು ಬರೆದಿಟ್ಟವನು ಸಸ್ಯವಿಜ್ಞಾನಿ ಕರೋಲಸ್ ಕ್ಲೂಸಿಯಸ್.

ಆ ವ್ಯಾಪಾರಿಯನ್ನು ಕಂಡು ನಗಲು ನನಗಂತೂ ಮನಸ್ಸು ಬಾರದು. ಟುಲಿಪ್ ಗೆಡ್ಡೆಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು: ಕಾಗದದಂಥ ಕಂದು ಸಿಪ್ಪೆ, ಒಳಗೆ ಪದರದ ಮೇಲೆ ಪದರ. ಅಡುಗೆಮನೆಯ ಬುಟ್ಟಿಯಲ್ಲಿ ಬಿದ್ದಿದ್ದರೆ ಎಂಥ ಜಾಣರೂ ಅದನ್ನು ಒಗ್ಗರಣೆಗೆ ಹೆಚ್ಚಿಯಾರು. ಹಳೆಯ ಸಸ್ಯಶಾಸ್ತ್ರದ ಪುಸ್ತಕಗಳು ಇವೆರಡನ್ನೂ ಲಿಲಿಯ ಕುಟುಂಬದಲ್ಲೇ ಇಟ್ಟಿದ್ದವು. ಈಚೆಗಷ್ಟೇ ಈರುಳ್ಳಿ ಪಾಲು ತೆಗೆದುಕೊಂಡು ಬೇರೆ ಮನೆ ಮಾಡಿದೆ.

ಟುಲಿಪ್ ಎಂದೊಡನೆ ಹಾಲೆಂಡ್ ನೆನಪಾಗುವುದು ಸಹಜವಾದರೂ ಅದರ ತೌರು ಮಧ್ಯ ಏಷ್ಯಾದ ತಿಯಾನ್ ಶಾನ್ ಮತ್ತು ಪಾಮಿರ್ ಪರ್ವತಗಳ ಸೀಮೆ. ಮೂಳೆ ಕೊರೆಯುವ ಚಳಿಗಾಲ, ನೆಲ ಬಿರಿಯುವ ಒಣ ಬೇಸಿಗೆ, ಇವೆರಡರ ನಡುವೆ ಕೆಲವೇ ವಾರಗಳ ವಸಂತ. ಅಂಥ ಕಡೆ ಬಾಳಬೇಕಾದ ಗಿಡ ವರ್ಷದ ಬುತ್ತಿಯನ್ನೆಲ್ಲ ಗೆಡ್ಡೆಯಲ್ಲಿ ಕಟ್ಟಿಕೊಂಡು ಮಣ್ಣಿನಡಿ ಮಲಗುತ್ತದೆ. ಹತ್ತಾರು ವಾರ ಚಳಿ ತಾಗದಿದ್ದರೆ ಅದು ಸರಿಯಾಗಿ ಹೂ ಬಿಡದು. ಬೆಂಗಳೂರಿನಲ್ಲಿ ನಾವು ಸ್ವೆಟರ್ ಹಾಕಿಕೊಂಡು ಕೊಂಡಾಡುವ ಚಳಿ ಅದರ ಲೆಕ್ಕಕ್ಕೇ ಬಾರದ್ದರಿಂದ, ಇಲ್ಲಿ ಕುಂಡದಲ್ಲಿ ಬೆಳೆಸುವ ಹವ್ಯಾಸಿಗಳು ಗೆಡ್ಡೆಯನ್ನು ಮೊದಲು ಫ್ರಿಜ್ಜಿನಲ್ಲಿಡಬೇಕಾಗುತ್ತದೆ.

ಕಾಬೂಲಿನ ಸುತ್ತಣ ಬೆಟ್ಟಗಳಲ್ಲಿ ಅರಳುವ ಕಾಡು ಟುಲಿಪ್‌ಗಳನ್ನು ಬಾಬರ್ ಎಣಿಸಲು ಹೇಳಿದಾಗ ಮೂವತ್ತೆರಡೋ ಮೂವತ್ತಮೂರೋ ಬಗೆಗಳು ಸಿಕ್ಕವಂತೆ. ಪರ್ಷಿಯನ್ನರು ಇದನ್ನು ‘ಲಾಲೆ’ ಎಂದು ಕರೆದರು, ತುರ್ಕರೂ ಹಾಗೆಯೇ ಕರೆದರು. ಅರಬ್ಬಿ ಲಿಪಿಯಲ್ಲಿ ‘ಅಲ್ಲಾಹ್’ ಎಂದು ಬರೆಯುವ ಅಕ್ಷರಗಳೇ ಈ ಪದದಲ್ಲೂ ಇರುವುದರಿಂದ ಆಟೊಮನ್ನರ ಕಣ್ಣಿನಲ್ಲಿ ಹೂವಿಗೆ ಪಾವಿತ್ರ್ಯವೂ ಕೂಡಿಬಂತು. ‘ಟುಲಿಪ್’ ಎಂಬ ಹೆಸರು ಮಾತ್ರ ರುಮಾಲನ್ನು ಸೂಚಿಸುವ ‘ತುಲ್ಬೆಂದ್’ ಪದದಿಂದ ಹುಟ್ಟಿದ್ದು. ಹೂವು ರುಮಾಲಿನಂತಿದೆ ಎಂದು ಯಾರೋ ಹೇಳಿದ್ದನ್ನು ಯುರೋಪಿನವರು ಹೂವಿನ ಹೆಸರೆಂದೇ ಹಿಡಿದುಕೊಂಡಿರಬೇಕು. ತಪ್ಪು ತಿಳಿಯುವುದೇ ಈ ಗಿಡದ ಮಟ್ಟಿಗೆ ಯುರೋಪಿನ ಸಂಪ್ರದಾಯವೇನೋ!

ಕ್ಲೂಸಿಯಸ್ 1593ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ತೋಟಕ್ಕೆ ಬಂದು ತನ್ನ ಗೆಡ್ಡೆಗಳನ್ನು ನೆಟ್ಟ. ಮರುವರ್ಷ ಅವು ಅರಳಿದವು. ಆತನಿಗೆ ಅವುಗಳ ಮೇಲೆ ವ್ಯಾಪಾರದ ಕಣ್ಣಿರಲಿಲ್ಲ, ವಿಜ್ಞಾನಿಯ ಕುತೂಹಲವಷ್ಟೇ ಇತ್ತು. ಫ್ರಾಂಕ್‌ಫರ್ಟ್‌ನ ಔಷಧಿಕಾರನೊಬ್ಬನಿಂದ ಗೆಡ್ಡೆಗಳನ್ನು ಸಕ್ಕರೆ ಪಾಕದಲ್ಲಿ ಹಾಕಿಸಿ ರುಚಿಯನ್ನೂ ನೋಡಿದ್ದ. ಕಳ್ಳರಿಗೆ ಅವುಗಳ ಬೆಲೆ ಚೆನ್ನಾಗಿ ಗೊತ್ತಿತ್ತು. ಅವನ ತೋಟದಿಂದ ಗೆಡ್ಡೆಗಳು ಮತ್ತೆಮತ್ತೆ ಕಳುವಾದವು.

ಬೆಲೆ ಏರಿದ್ದಕ್ಕೆ ಗಿಡದ ಸ್ವಭಾವವೇ ಅರ್ಧ ಕಾರಣ. ಬೀಜದಿಂದ ಬೆಳೆಸಿದರೆ ಹೂ ಕಾಣಲು ಐದರಿಂದ ಏಳು ವರ್ಷ ಬೇಕು, ಬಂದ ಹೂವು ತಾಯಿಯನ್ನು ಹೋಲುವ ಭರವಸೆಯೂ ಇಲ್ಲ. ಬಾಳೆಯ ಬುಡದಲ್ಲಿ ಕಂದು ಏಳುವಂತೆ ತಾಯಿಗೆಡ್ಡೆಯ ಪಕ್ಕದಲ್ಲಿ ಹುಟ್ಟುವ ಮರಿಗೆಡ್ಡೆಗಳನ್ನೇ ನಂಬಬೇಕು. ಡಚ್ಚರು ಮರುಳಾದದ್ದು ಬಿಳಿಯ ಎಸಳಿನ ಮೇಲೆ ಕೆಂಪು ಜ್ವಾಲೆ ಹರಿದಂಥ ಹೂಗಳಿಗೆ. ಆ ಚಿತ್ತಾರ ಸಸ್ಯಹೇನುಗಳು ಹರಡುವ ಒಂದು ವೈರಸ್ ರೋಗದ ಲಕ್ಷಣವೆಂಬುದು ಖಚಿತವಾದದ್ದು 1928ರ ಹೊತ್ತಿಗೆ, ಇಂಗ್ಲೆಂಡಿನ ಡೊರೊಥಿ ಕೇಲಿಯ ಪ್ರಯೋಗಗಳಿಂದ. ರೋಗ ತಗುಲಿದ ಗೆಡ್ಡೆ ವರ್ಷದಿಂದ ವರ್ಷಕ್ಕೆ ಸೊರಗಿ ಮರಿ ಹಾಕುವುದನ್ನು ಕಡಿಮೆ ಮಾಡುತ್ತಿದ್ದುದರಿಂದ, ಹೂವು ಅಂದವಾದಷ್ಟೂ ಅಪರೂಪವಾಗಿ, ಅಪರೂಪವಾದಷ್ಟೂ ದುಬಾರಿಯಾಗುತ್ತಿತ್ತು.

ಗೆಡ್ಡೆಗಳು ಮಣ್ಣಿನಲ್ಲಿರುವ ಚಳಿಗಾಲದಲ್ಲೇ ಹೆಂಡದಂಗಡಿಗಳಲ್ಲಿ ಕುಳಿತು ಕಾಗದದ ಮೇಲೆ ಅವನ್ನು ಕೈಯಿಂದ ಕೈಗೆ ಮಾರುತ್ತಿದ್ದ ಈ ವಹಿವಾಟನ್ನು ಡಚ್ಚರೇ ‘ಗಾಳಿ ವ್ಯಾಪಾರ’ ಎಂದು ಕರೆದರು. 1637ರ ಫೆಬ್ರವರಿ 5ರಂದು ಆಲ್ಕ್‌ಮಾರ್‌ನಲ್ಲಿ ಅನಾಥ ಮಕ್ಕಳ ಪರವಾಗಿ ನಡೆದ ಹರಾಜಿನಲ್ಲಿ ಅವರ ತಂದೆಯ ಗೆಡ್ಡೆಗಳಿಗೆ ಸುಮಾರು 90,000 ಗಿಲ್ಡರ್ ಕೂಗಲಾಯಿತು. ನುರಿತ ಕುಶಲಕರ್ಮಿಯೊಬ್ಬನ ವರ್ಷದ ಸಂಪಾದನೆ ಆಗ 300 ಗಿಲ್ಡರ್ ಆಸುಪಾಸಿನಲ್ಲಿತ್ತು. ಅದೇ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರೇ ಇಲ್ಲದೆ ಬೆಲೆ ಕುಸಿಯಿತು. ಇದರಿಂದ ದೇಶವೇ ದಿವಾಳಿಯಾಯಿತೆಂಬುದು ಮುಂದಿನವರು ಹಚ್ಚಿದ ಬಣ್ಣ. ಕೆಟ್ಟವರು ಕೆಲವರು, ಮುರಿದದ್ದು ಹೆಚ್ಚಾಗಿ ಮಾತು.

ಬೆಲೆ ಬಿದ್ದರೂ ಬೇಸಾಯ ನಿಲ್ಲಲಿಲ್ಲ. ಸಮುದ್ರದಂಚಿನ ನೀರು ಬಸಿಯುವ ಮರಳುಮಣ್ಣು ಗೆಡ್ಡೆಗೆ ಚೆನ್ನಾಗಿ ಒಗ್ಗಿತು, ಡಚ್ಚರ ಹೊಲಗಳು ಟುಲಿಪ್ ಹೊಲಗಳಾಗಿಯೇ ಉಳಿದವು. 1944–45ರ ಚಳಿಗಾಲದಲ್ಲಿ, ಜರ್ಮನರ ವಶದಲ್ಲಿದ್ದ ಪಶ್ಚಿಮ ನೆದರ್ಲೆಂಡ್ಸ್‌ಗೆ ಆಹಾರ ಸಾಗಣೆ ನಿಂತು ಜನ ಹಸಿವಿನಿಂದ ಸಾಯತೊಡಗಿದಾಗ, ನೆಡದೆ ಉಳಿದಿದ್ದ ಗೆಡ್ಡೆಗಳು ಅಡುಗೆಮನೆಗೆ ಬಂದವು. ಈ ಸಲ ಯಾರೂ ಅವನ್ನು ಈರುಳ್ಳಿಯೆಂದು ಭ್ರಮಿಸಿರಲಿಲ್ಲ. ಸಿಪ್ಪೆ ಸುಲಿದು, ಹೋಳು ಮಾಡಿ, ನಡುವಿನ ಹಳದಿ ಮೊಳಕೆ ವಿಷವೆಂದು ಅದನ್ನಷ್ಟೇ ಕಿತ್ತೆಸೆದು, ಉಳಿದದ್ದನ್ನು ಬೇಯಿಸಿ ಮಕ್ಕಳಿಗೆ ಬಡಿಸಿದರು. ಹೂವಾಗಬೇಕಿದ್ದದ್ದು ಆ ಮೊಳಕೆಯೇ.