ಪಕ್ಕದೂರನ್ನು ಸೋಲಿಸುವ ಸುಖ

2016ರ ನವೆಂಬರ್ 26, ಶನಿವಾರ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಥ್ಯಾಂಕ್ಸ್‌ಗಿವಿಂಗ್ ರಜೆ, ಎಲ್ಲರೂ ಊರಲ್ಲೇ ಇರುತ್ತಾರೆ, ಹಾಲ್ ಬಾಡಿಗೆಯೂ ಕಮ್ಮಿ ಅಂತ ಆ ದಿನ ಆರಿಸಿದ್ದು ಕಮಿಟಿಯಲ್ಲಿದ್ದ ನಾನೇ. ಬಾಡಿಗೆ ಯಾಕೆ ಕಮ್ಮಿ ಅಂತ ಕೇಳುವ ಬುದ್ಧಿ ಮಾತ್ರ ಬರಲಿಲ್ಲ.

ಹನ್ನೆರಡಕ್ಕೆ ನಾಡಗೀತೆ ಶುರುವಾಯಿತು. ಮುಂದಿನ ಎರಡು ಸಾಲಿನಲ್ಲಿ ಊರಿಂದ ಬಂದಿದ್ದ ಅಜ್ಜ ಅಜ್ಜಿಯರು. ಅವರ ಹಿಂದೆ ಬರೀ ಕುರ್ಚಿಗಳು. ಉಳಿದವರೆಲ್ಲ ಪಾರ್ಕಿಂಗ್‌ನಲ್ಲಿ, ಶಲ್ಯ ಹೊದ್ದುಕೊಂಡು, ಕಾರಿನ ರೇಡಿಯೋಗೆ ಕಿವಿ ಕೊಟ್ಟು ನಿಂತಿದ್ದರು. ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳು ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದವು. ಆಟ ಸಮ ಆಯಿತು. ಹೆಚ್ಚುವರಿ ಅವಧಿ ಕೊಟ್ಟರು, ಅಲ್ಲೂ ಸಮ. ಇನ್ನೊಂದು ಸಲ ಕೊಟ್ಟ ಮೇಲೆ 30–27ಕ್ಕೆ ಒಹಾಯೊ ಗೆದ್ದಿತು. ಅಷ್ಟು ಹೊತ್ತಿಗೆ ಬಿಸಿಬೇಳೆಬಾತ್ ಚಾಕುವಿನಲ್ಲಿ ಕುಯ್ಯುವಷ್ಟು ಗಟ್ಟಿಯಾಗಿತ್ತು. ಅಂದಿನಿಂದ ನಮ್ಮ ರಾಜ್ಯೋತ್ಸವ ತಿಂಗಳ ಎರಡನೇ ವಾರ, ಅದೂ ಭಾನುವಾರ.

ನಾನಿರುವುದು ಟೊಲಿಡೊದಲ್ಲಿ. ಒಹಾಯೊ ರಾಜ್ಯದ ಉತ್ತರದ ಅಂಚು. ಮಿಷಿಗನ್ ವಿಶ್ವವಿದ್ಯಾಲಯದ ಆನ್ ಆರ್ಬರ್ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ನಮ್ಮದೇ ರಾಜಧಾನಿ ಕೊಲಂಬಸ್‌ಗೆ ಎರಡು ಗಂಟೆಗೂ ಜಾಸ್ತಿ ಬೇಕು. ಹಾಗಾಗಿ ಒಂದೇ ಬೀದಿಯಲ್ಲಿ ಎರಡೂ ಕಡೆಯ ಬಾವುಟ. ಕೆಲವು ಮನೆಗಳಲ್ಲಿ ಗಂಡನದೊಂದು, ಹೆಂಡತಿಯದೊಂದು. ನನ್ನ ಹುಟ್ಟೂರು ಬೆಳಗಾವಿ. ಗಡಿ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಟೊಲಿಡೊ ಯಾರದು ಅಂತ ಒಹಾಯೊ ಮತ್ತು ಆಗಿನ್ನೂ ರಾಜ್ಯವಾಗಿರದ ಮಿಷಿಗನ್ 1835ರಲ್ಲಿ ನಿಜವಾಗಿಯೂ ದಂಡು ಕಟ್ಟಿಕೊಂಡು ಹೊರಟಿದ್ದವು. ಜಗಳ ಸುಮಾರು 468 ಚದರ ಮೈಲಿಯ ಒಂದು ಪಟ್ಟಿಗೆ. ರಕ್ತ ಬಂದಿದ್ದು ಒಬ್ಬನಿಗೇ. ಹಿಡಿಯಲು ಬಂದ ಮಿಷಿಗನ್ ಅಧಿಕಾರಿಗೆ ಟೊಲಿಡೊದವನೊಬ್ಬ ಜೇಬಿನ ಚಾಕುವಿನಿಂದ ಚುಚ್ಚಿದ. ಆತ ಬದುಕಿಕೊಂಡ. ಕೊನೆಗೆ ವಾಷಿಂಗ್ಟನ್‌ನವರು ಟೊಲಿಡೊವನ್ನು ಒಹಾಯೊಗೆ ಕೊಟ್ಟರು. ಮಿಷಿಗನ್‌ಗೆ ಸಮಾಧಾನಕ್ಕೆ ಅಂತ ಉತ್ತರದ ಕಾಡು ಕೊಟ್ಟರು. ಆ ಕಾಡಿನಡಿ ಆಮೇಲೆ ತಾಮ್ರ, ಕಬ್ಬಿಣ ಸಿಕ್ಕಿತು. ನಷ್ಟ ಯಾರಿಗಾಯಿತು ಅಂತ ಇಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಮಿಷಿಗನ್ ರಾಜ್ಯ ಹುಟ್ಟಿದ್ದು 1837ರ ಜನವರಿ 26ರಂದು. ಆ ತಾರೀಖು ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದೆವು.

ನಮ್ಮ ಗಡಿ ಕೇಸು 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಜಗಳ ಏರಿದಾಗಲೆಲ್ಲ ಬಸ್ಸುಗಳು ಗಡಿಯಲ್ಲೇ ನಿಲ್ಲುತ್ತವೆ. ಇವರು ತಮ್ಮ ಜಗಳವನ್ನು 1897ರಲ್ಲಿ ಮೈದಾನಕ್ಕೆ ತಂದರು. ಗಡಿ ಜಗಳವೇ ಈ ಆಟವಾಯಿತು ಅನ್ನುವುದು ಸ್ವಲ್ಪ ಕಥೆ ಕಟ್ಟಿದ ಹಾಗೆ, ನಿಜ. ಆದರೂ ಟೊಲಿಡೊದವರು ಹಾಗೇ ಹೇಳುತ್ತಾರೆ. ನನಗೂ ಹಾಗೆ ನಂಬುವುದು ಇಷ್ಟ.

ಇದು ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡುವ ಫುಟ್‌ಬಾಲ್. ಆಡುವವರು ಕಾಲೇಜು ಹುಡುಗರು. ನೋಡಲು ಬರುವವರೋ? ಆನ್ ಆರ್ಬರ್ ಕ್ರೀಡಾಂಗಣದಲ್ಲಿ 1,07,601 ಸೀಟು. ಚಿನ್ನಸ್ವಾಮಿಯಂಥ ಎರಡು ಸೇರಿಸಿದರೂ ಸಾಲುವುದಿಲ್ಲ. ಆಟದ ವಾರ ಕೊಲಂಬಸ್ ಕ್ಯಾಂಪಸ್ಸಿಗೆ ಹೋದರೆ ಬೋರ್ಡುಗಳಲ್ಲಿರುವ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಟೇಪಿನ ಅಡ್ಡಗೀಟು. ಮಿಷಿಗನ್ನಿನ ಮೊದಲ ಅಕ್ಷರ ಕಣ್ಣಿಗೆ ಬೀಳಬಾರದು, ಅಷ್ಟೇ. ಹೆಸರನ್ನೂ ಎತ್ತುವುದಿಲ್ಲ, ‘ಬಡಗಣ ತಂಡ’ ಅನ್ನುತ್ತಾರೆ. ಹಳೇ ಕಾಲದಲ್ಲಿ ಗಂಡನ ಹೆಸರು ಹೇಳದೆ ‘ನಮ್ಮನೆಯವರು’ ಅನ್ನುತ್ತಿದ್ದರಲ್ಲ, ಹಾಗೆ. ಇಲ್ಲಿ ಗೌರವ ಇಲ್ಲ ಅನ್ನುವುದೊಂದೇ ವ್ಯತ್ಯಾಸ.

ಈ ಕಾಲೇಜುಗಳು ಕಾನ್ಫರೆನ್ಸ್ ಅಂತ ಕೂಟ ಕಟ್ಟಿಕೊಂಡು ಆಡುತ್ತವೆ. ನಮ್ಮ ರಣಜಿಯ ವಲಯಗಳಿದ್ದ ಹಾಗೆ. ಒಹಾಯೊ, ಮಿಷಿಗನ್ ಎರಡೂ ಬಿಗ್ ಟೆನ್‌ನವು. ಮೊದಲು ಈ ಕೂಟದಲ್ಲಿ ಗೆದ್ದವರೊಬ್ಬರೇ ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಅನ್ನುವ ಸೀಸನ್ ಕೊನೆಯ ದೊಡ್ಡ ಆಟಕ್ಕೆ ಹೋಗುತ್ತಿದ್ದರು. ಎರಡನೆಯವರು ಮನೆಗೆ. 1973ರಲ್ಲಿ ಎರಡೂ ತಂಡ ಒಂದೂ ಸೋಲದೆ ಬಂದು ಕೊನೆಯಾಟದಲ್ಲಿ 10–10 ಸಮ ಮಾಡಿಕೊಂಡವು. ಕೂಟದ ಕಾಲೇಜುಗಳ ಕ್ರೀಡಾ ಮುಖ್ಯಸ್ಥರು ವೋಟು ಹಾಕಿ ಒಹಾಯೊವನ್ನು ಕಳಿಸಿದರು. ಇಡೀ ವರ್ಷ ಸೋಲದ ಮಿಷಿಗನ್ ಮುಂದೆ ಒಂದಾಟವೂ ಇಲ್ಲದೆ ಕೂತಿತು. ಅನ್ಯಾಯ ಅಲ್ವಾ? ನಮ್ಮ ಬೀದಿಯ ಎಪ್ಪತ್ತು ದಾಟಿದ ಮಿಷಿಗನ್ ಅಭಿಮಾನಿ ಆ ವೋಟಿನ ಮಾತು ಬಂದರೆ ಕಾಫಿ ಲೋಟ ಕೆಳಗಿಡುತ್ತಾರೆ.

ಈಗ ಹಾಗಿಲ್ಲ. 2014ರಿಂದ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸಲು ನಾಲ್ಕು ತಂಡಗಳ ಪ್ಲೇಆಫ್ ಬಂತು. 2024ಕ್ಕೆ ಅದು ಹನ್ನೆರಡಾಯಿತು. ಆ ವರ್ಷವೇ ತಮಾಷೆ ಆಗಿದ್ದು. ನವೆಂಬರ್ 30ರಂದು ದೇಶದ ಮೊದಲ 25 ತಂಡಗಳ ಪಟ್ಟಿಯಲ್ಲೂ ಇಲ್ಲದ ಮಿಷಿಗನ್, ಕೊಲಂಬಸ್‌ಗೇ ಬಂದು 13–10ಕ್ಕೆ ಒಹಾಯೊವನ್ನು ಸೋಲಿಸಿತು. ಸತತ ನಾಲ್ಕನೇ ಸಲ. ಗೆದ್ದವರು ಮೈದಾನದ ನಡುವೆ ಬಾವುಟ ನೆಡಲು ಹೋದರು. ಹೊಡೆದಾಟವಾಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಒಹಾಯೊಗೆ ಅದು ವರ್ಷದ ಎರಡನೇ ಸೋಲು. ನಾಲ್ಕು ತಂಡಗಳ ಕಾಲದಲ್ಲಿ ಎರಡು ಸೋತವರು ಯಾರೂ ಒಳಗೆ ಹೋಗಿದ್ದಿಲ್ಲ. ಹನ್ನೆರಡಾಗಿದ್ದಕ್ಕೆ ಬಾಗಿಲು ತೆಗೆಯಿತು. ಒಳಗೆ ಹೋದವರು 2025ರ ಜನವರಿ 20ರಂದು ನೋಟ್ರ್ ಡೇಮ್ ತಂಡವನ್ನು 34–23ಕ್ಕೆ ಸೋಲಿಸಿ ದೇಶಕ್ಕೇ ಚಾಂಪಿಯನ್ ಆದರು!

ಮುಂದಿನ ವರ್ಷ ಎಲ್ಲ ತಿರುವುಮುರುವು. 2025ರಲ್ಲಿ ಒಹಾಯೊ ಮಿಷಿಗನ್ನನ್ನು 27–9ಕ್ಕೆ ಬಗ್ಗುಬಡಿಯಿತು. ಆಮೇಲೆ ಬಿಗ್ ಟೆನ್ ಫೈನಲ್ಲಿನಲ್ಲಿ ಇಂಡಿಯಾನಾಗೆ ಸೋತಿತು, ಪ್ಲೇಆಫ್‌ನಲ್ಲಿ ಮಯಾಮಿಗೆ ಸೋತಿತು. ಕಪ್ ಇಲ್ಲ.

ಕಪ್ ಇದ್ದ ವರ್ಷ ಒಳ್ಳೇದೋ, ಪಕ್ಕದವರನ್ನು ಸೋಲಿಸಿದ ವರ್ಷವೋ? ನಮ್ಮ ಎದುರುಮನೆಯ ಒಹಾಯೊ ಅಭಿಮಾನಿಯನ್ನು ಕೇಳಿದೆ. ಹಿಮ ಗೋರುತ್ತಿದ್ದವರು ತಲೆ ಎತ್ತಲೇ ಇಲ್ಲ. “ಕಪ್ ಬಂದ ಮೇಲೂ ನನ್ನ ಷಡ್ಡಕ ‘ಆದ್ರೂ ನಮ್ಮ ಕೈಲಿ ಸೋತ್ರಲ್ಲ’ ಅಂತಿದ್ದ. ಈ ವರ್ಷ ಬಾಯಿ ಮುಚ್ಚಿಕೊಂಡಿದ್ದಾನೆ” ಅಂದರು. ಇದಕ್ಕಿಂತ ಉತ್ತರ ಬೇಕಾ?

ಆರ್‌ಸಿಬಿ ಅಭಿಮಾನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2024ರ ಮೇ 18ರಂದು ಚೆನ್ನೈಯನ್ನು 27 ರನ್ನಿಂದ ಸೋಲಿಸಿ ಪ್ಲೇಆಫ್‌ನಿಂದ ಹೊರಗಟ್ಟಿದ ರಾತ್ರಿ ನೆನಪಿದೆಯಾ? ನಾಲ್ಕೇ ದಿನಕ್ಕೆ ರಾಜಸ್ಥಾನದ ಕೈಲಿ ಸೋತು ನಾವೂ ಹೊರಬಿದ್ದೆವು. ಆದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಜನ ಮಾತಾಡಿದ್ದು ಮೇ 18ರ ಬಗ್ಗೆಯೇ. ಮರುವರ್ಷ ಕಪ್ ನಮ್ದೇ ಆಯಿತು, ಸರಿ. ಆ ಚೆನ್ನೈ ರಾತ್ರಿಯ ರುಚಿ ಬೇರೆ.

ಅಮೆರಿಕದವರು ಇದೇ ರುಚಿಯನ್ನು ಈಗ ಕೈಯಾರೆ ಕೆಡಿಸಿಕೊಳ್ಳುತ್ತಿದ್ದಾರೆ ಅಂತ ನನ್ನ ತಕರಾರು. ಟಿವಿ ದುಡ್ಡಿನ ಹಿಂದೆ ಹೋಗಿ ಕೂಟಗಳೆಲ್ಲ ಕಲಸಿಹೋಗಿವೆ. ಬಿಗ್ ಟೆನ್‌ನಲ್ಲಿ ಈಗ 18 ತಂಡ. ಬಿಗ್ 12ರಲ್ಲಿ 16. ಲೆಕ್ಕದ ಮೇಷ್ಟ್ರು ಯಾರೋ ಗೊತ್ತಿಲ್ಲ. ಶಾಂತಸಾಗರದ ದಡದ ಸ್ಟ್ಯಾನ್‌ಫರ್ಡ್ ಇರುವುದು ಅಟ್ಲಾಂಟಿಕ್ ಕರಾವಳಿಯ ಕೂಟದಲ್ಲಿ. ಮಂಗಳೂರಿನ ತಂಡವನ್ನು ಪೂರ್ವ ವಲಯಕ್ಕೆ ಹಾಕಿದ ಹಾಗೆ. ಒಕ್ಲಹೋಮಾದ ಎರಡು ವಿಶ್ವವಿದ್ಯಾಲಯಗಳು 1910ರಿಂದ ಒಂದು ವರ್ಷವೂ ಬಿಡದೆ ಆಡುತ್ತಿದ್ದವು. ಅದರಲ್ಲೊಂದು ತನ್ನ ಕೂಟ ಬಿಟ್ಟು ಹೋಯಿತು, 2023ಕ್ಕೆ ಆ ಆಟ ನಿಂತಿತು. ಒಂದು ಮಾತು ಒಪ್ಪಬೇಕು: 2011ರಲ್ಲಿ ನಿಂತುಹೋಗಿದ್ದ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವಿನ ಆಟ 2024ರಲ್ಲಿ ಮತ್ತೆ ಶುರುವಾಗಿದ್ದೂ ಇದೇ ಗುಳೆಯಿಂದಲೇ.

ಇಂಡಿಯಾನಾ ವಿಷಯವೂ ನನ್ನ ವಾದಕ್ಕೆ ಅಡ್ಡ ಬರುತ್ತದೆ. ಸೋಲಿಗೇ ಹೆಸರಾಗಿದ್ದ ತಂಡ. ಹೊಸ ಕೋಚ್ ಬಂದ ಎರಡನೇ ವರ್ಷಕ್ಕೇ 16 ಆಟಕ್ಕೆ 16 ಗೆದ್ದು 2026ರ ಜನವರಿಯಲ್ಲಿ ಚಾಂಪಿಯನ್ ಆಯಿತು. ದೊಡ್ಡವರ ಗದ್ದುಗೆಗೆ ಸಣ್ಣವರು ಏರಿದ್ದು ಖುಷಿಯೇ. ಆದರೆ ಅವರ ಹಳೇ ಆಸ್ತಿ ಬೇರೆಯೇ ಇದೆ. ಪಕ್ಕದ ಪರ್ಡ್ಯೂ ಜೊತೆ 1925ರಿಂದ ಒಂದು ಹಳೇ ಓಕ್ ಮರದ ಬಕೆಟ್ಟಿಗಾಗಿ ಆಡುತ್ತಾರೆ. ಕಪ್ ಅಲ್ಲ, ನೀರು ಸೇದುವ ಬಕೆಟ್. ನಮ್ಮಲ್ಲಿ ಬಕೆಟ್ ಹಿಡಿಯುವವನು ಅಂದರೆ ಬೈಗುಳ. ಅಲ್ಲಿ ಬಕೆಟ್ ಹಿಡಿದವನೇ ವೀರ.

ಇವರಿಂದ ನಾನು ಕಲಿತಿದ್ದು ತಾರೀಖಿನ ಬೆಲೆ. ಒಹಾಯೊ–ಮಿಷಿಗನ್ ಅಂದರೆ ನವೆಂಬರ್ ಕೊನೆಯ ಶನಿವಾರ, ಮಧ್ಯಾಹ್ನ ಹನ್ನೆರಡು. ಒಂದು ವರ್ಷ ನಿಮ್ಮೂರು, ಒಂದು ವರ್ಷ ನಮ್ಮೂರು. ಮದುವೆ ಮುಹೂರ್ತವನ್ನೂ ಅದು ನೋಡಿಕೊಂಡೇ ಇಡುತ್ತಾರೆ. ನಮಗೂ ಹೀಗೊಂದು ಇತ್ತು. 2002ರವರೆಗೆ ರಣಜಿಯ ಮೊದಲ ಸುತ್ತು ವಲಯದ ಲೆಕ್ಕದಲ್ಲಿ ನಡೆಯುತ್ತಿತ್ತು. ದಕ್ಷಿಣ ವಲಯದಲ್ಲಿ ಕರ್ನಾಟಕ, ತಮಿಳುನಾಡು, ಹೈದರಾಬಾದ್ ಪ್ರತಿ ವರ್ಷ ಮುಖಾಮುಖಿ ಆಗಲೇಬೇಕಿತ್ತು. ಆಮೇಲೆ ಬಲಾಬಲ ನೋಡಿ ಎಲೀಟ್, ಪ್ಲೇಟ್ ಅಂತ ಗುಂಪು ಮಾಡಿದರು. ಆಟದ ಮಟ್ಟಕ್ಕೆ ಒಳ್ಳೇದೇ ಆಯಿತೇನೋ. ಆದರೆ ಪಕ್ಕದವರ ಜೊತೆಗಿನ ಆಟ ಗುಂಪು ಕೂಡಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2015ರಲ್ಲಿ ಫೈನಲ್ಲಿನಲ್ಲೇ ತಮಿಳುನಾಡು ಸಿಕ್ಕಿತು, ಕರುಣ್ ನಾಯರ್ 328 ಹೊಡೆದರು. ಆದರೆ ಆಡಿದ್ದು ಮುಂಬೈಯಲ್ಲಿ. ನಮ್ಮೂರೂ ಅಲ್ಲ, ಅವರೂರೂ ಅಲ್ಲ.

ಗುಂಪು ಯಾವುದಾದರೂ ಇರಲಿ. ಕರ್ನಾಟಕ–ತಮಿಳುನಾಡು ರಣಜಿ ಆಟ ವರ್ಷಕ್ಕೊಂದು ಇರಲೇಬೇಕು, ಅದೂ ಸಂಕ್ರಾಂತಿಗೆ. ಅವರಿಗೂ ಪೊಂಗಲ್ ರಜೆ. ಒಂದು ವರ್ಷ ಚಿನ್ನಸ್ವಾಮಿ, ಒಂದು ವರ್ಷ ಚೆಪಾಕ್. ಕಾವೇರಿ ಬಗ್ಗೆ ಬೈದಾಡುವವರು ನಾಲ್ಕು ದಿನ ಸ್ಟ್ಯಾಂಡಿನಲ್ಲಿ ಕೂತು ಬೈದಾಡಲಿ.

ಇದನ್ನು ಮನೆಯಲ್ಲಿ ಓದಿ ಹೇಳಿದೆ. “ಸಂಕ್ರಮಣದ ದಿನ ಮ್ಯಾಚ್ ಇಟ್ರ ಕುಸುರೆಳ್ಳು ಹಂಚಾಕ ಯಾರು ಹೋಗ್ತಾರ್ರೀ? ತಾರೀಖು ಆರಿಸೋ ಕೆಲಸ ನಿಮ್ಮ ಕೈಯಾಗ ಕೊಡಬಾರದು ಅಂತ ಅವತ್ತ ಹೇಳಿದ್ದೆ” ಅಂದಳು ನನ್ನ ಹೆಂಡತಿ.