ನನ್ನ ದುಡ್ಡು ಅವರ ಹತ್ತಿರ, ಬಡ್ಡಿ ಮಾತ್ರ ನನ್ನ ತಲೆಗೆ

ಇವತ್ತು ಬೆಳಿಗ್ಗೆ ಆರು ಗಂಟೆಗೆ ಫೋನಿಗೆ ಮೆಸೇಜ್ ಬಂತು. ಕಂತಿಗೆ ಬೇಕಾದಷ್ಟು ಹಣ ಖಾತೆಯಲ್ಲಿಲ್ಲ, ಅದಕ್ಕೆ ದಂಡ ಹಾಕಿದ್ದೇವೆ ಅಂತ. ದುಡ್ಡಿಲ್ಲ ಅಂತ ಗೊತ್ತಾದ ಮೇಲೂ ಅದೇ ಖಾಲಿ ಖಾತೆಯಿಂದ ಇನ್ನಷ್ಟು ಕೀಳುವುದು ಯಾವ ನ್ಯಾಯ? ಮೇಜಿನ ಮೇಲೆ ಬಿಲ್ ಪುಸ್ತಕ ತೆರೆದೇ ಇತ್ತು. ನನಗೆ ಬರಬೇಕಾದ ಬಾಕಿಯನ್ನೆಲ್ಲ ಕೂಡಿಸಿದರೆ ಇಂಥ ಒಂಬತ್ತು ಕಂತು ಕಟ್ಟಬಹುದು. ಒಂಬತ್ತು!

ನನ್ನದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಲೇಬಲ್, ರಟ್ಟಿನ ಪೆಟ್ಟಿಗೆ ಮಾಡುತ್ತೇವೆ. ನಾಲ್ಕು ಜನ ಕೆಲಸಕ್ಕಿದ್ದಾರೆ. ಕೆಲಸ ಇಲ್ಲದೆ ನಾನು ಸಾಲ ಮಾಡಲಿಲ್ಲ. ಕೆಲಸ ಜಾಸ್ತಿ ಬಂತು, ಅದಕ್ಕೇ ಸಾಲ ಆಯಿತು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ದೊಡ್ಡ ಗಿರಾಕಿ ದೊಡ್ಡ ಆರ್ಡರ್ ಕೊಟ್ಟರು. ಕಾಗದದವರಿಗೆ ಮುಂಗಡ ಕೊಡಬೇಕು. ಸಂಬಳ ತಿಂಗಳ ಕೊನೆಗೆ ಕೊಡಲೇಬೇಕು. ಗಿರಾಕಿ ಮಾತ್ರ 90 ದಿನಕ್ಕೆ ಕೊಡುತ್ತಾರಂತೆ. ಆ 90 ದಿನದ ಗುಂಡಿ ಮುಚ್ಚಲು ಸಾಲ ತಗೊಂಡೆ. ಈಗ 140 ದಿನ ಆಗಿದೆ.

ಕೇಳಿದಾಗಲೆಲ್ಲ ಒಂದೊಂದು ಮಾತು. ಬಿಲ್ ಸಿಕ್ಕಿಲ್ಲ, ಮತ್ತೆ ಕಳಿಸಿ. ಸಹಿ ಮಾಡುವವರು ರಜೆಯಲ್ಲಿದ್ದಾರೆ. ಮುಂದಿನ ವಾರ ಪಕ್ಕಾ. ಹೋದ ವಾರ ನಾನೇ ಅವರ ಆಫೀಸಿಗೆ ಹೋಗಿ ಎರಡು ಗಂಟೆ ಕುರ್ಚಿಯಲ್ಲಿ ಕೂತೆ. ಲೆಕ್ಕ ನೋಡುವವರು ನನ್ನ ಮುಖ ನೋಡದೆ, "ನೀವೊಬ್ಬರೇ ಅಲ್ಲ, ಎಲ್ಲರದ್ದೂ ಬಾಕಿ ಇದೆ" ಅಂದರು. ಅದೊಂದು ಸಮಾಧಾನದ ಮಾತು ಅಂತ ಅವರು ಅಂದುಕೊಂಡಿರಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವುದು ಸುಮ್ನೆ ಅಲ್ಲ. ನನ್ನ ದುಡ್ಡನ್ನು ನಾನೇ ಭಿಕ್ಷೆ ಬೇಡುವ ಹಾಗಾಗಿದೆ.

ಇನ್ನು ಬುದ್ಧಿ ಹೇಳುವವರು. ಖರ್ಚು ಕಡಿಮೆ ಮಾಡಿ ಅಂತಾರೆ. ಏನನ್ನು ಕಡಿಮೆ ಮಾಡಲಿ? ಕಾಗದ ಇಲ್ಲದೆ ಪೆಟ್ಟಿಗೆ ಮಾಡಲಾ? ಏಳು ತಿಂಗಳಿಂದ ನಾನು ಸಂಬಳ ಅಂತ ಏನೂ ತಗೊಂಡಿಲ್ಲ. ಅದಕ್ಕಿಂತ ಕಡಿಮೆ ಇನ್ನೇನಿದೆ?

ಸಾಲ ಕೊಡುವವರ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷಕ್ಕೆ ನೂರಕ್ಕೆ 12 ಬಡ್ಡಿ, ಅಷ್ಟೇ ಅಂದರು. ಅದು 'ಫ್ಲ್ಯಾಟ್' ಬಡ್ಡಿ, ಅಂದರೆ ಮೊದಲು ತಗೊಂಡ ಪೂರ್ತಿ ಸಾಲದ ಮೇಲೆಯೇ ಕೊನೆಯ ತನಕ ಬಡ್ಡಿ. ಆ ಪದದ ಅರ್ಥ ಆಗ ನನಗೆ ಗೊತ್ತಿರಲಿಲ್ಲ. 120 ಸಾಲ ತಗೊಂಡೆವು ಅಂದುಕೊಳ್ಳಿ. 12 ತಿಂಗಳು, ತಿಂಗಳಿಗೆ ಅಸಲು 10, ಬಡ್ಡಿ 1.20. ಕೊನೆಯ ತಿಂಗಳಲ್ಲಿ ಉಳಿದ ಅಸಲು ಬರೀ 10. ಆದರೂ ಬಡ್ಡಿ ಅದೇ 1.20. ಅಂದರೆ ಆ ಒಂದೇ ತಿಂಗಳಿಗೆ ನೂರಕ್ಕೆ 12! ತೀರಿಸಿದ ಅಸಲಿಗೂ ಬಡ್ಡಿ ಕಟ್ಟಿಸಿಕೊಳ್ಳುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ನೂರಕ್ಕೆ 21ರ ಮೇಲೆ ಹೋಗುತ್ತದೆ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಲು ಏನು ಕಷ್ಟ?

ಆ ಕಂತು ಕಟ್ಟಲು ಇನ್ನೊಂದು ಸಾಲ ಮಾಡಿದ್ದು ನನ್ನದೇ ತಪ್ಪು, ಒಪ್ಪುತ್ತೇನೆ. ನೂರು ಕೊಟ್ಟು, ಆರು ತಿಂಗಳಲ್ಲಿ 130 ತಗೊಳ್ಳುತ್ತಾರೆ. ದಿನಾ ಸ್ವಲ್ಪ ಸ್ವಲ್ಪ ಕಡಿತ. 30 ಅಲ್ವಾ, ಪರವಾಗಿಲ್ಲ ಅನಿಸಿತ್ತು. ಆದರೆ ಮೊದಲ ದಿನದಿಂದಲೇ ವಾಪಸ್ ಕೊಡುತ್ತಾ ಹೋಗುವುದರಿಂದ ಪೂರ್ತಿ ನೂರು ಒಂದು ದಿನವೂ ನಮ್ಮ ಕೈಯಲ್ಲಿ ಇರುವುದಿಲ್ಲ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ನೂರಕ್ಕೆ ನೂರರ ಮೇಲೆ. ವ್ಯಾಪಾರ ಆದ ದಿನವೂ ಕಡಿತ, ಬಾಗಿಲು ಹಾಕಿದ ದಿನವೂ ಕಡಿತ. ಬೇಗ ತೀರಿಸಿಬಿಡುತ್ತೇನೆ ಅಂದರೆ ಅದಕ್ಕೂ ಶುಲ್ಕ. ತಡವಾದರೆ ದಂಡ, ಬೇಗ ಆದರೂ ದಂಡ. ಮನುಷ್ಯ ಏನು ಮಾಡಬೇಕು?

ಹೋದ ತಿಂಗಳು ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆದೆ. ಯಾರಿಗೆ ಎಷ್ಟು, ನಿಜವಾದ ಬಡ್ಡಿ ಎಷ್ಟು, ಎಂದು ಮುಗಿಯುತ್ತದೆ. ಬರೆಯುವಾಗ ಕೈ ನಡುಗಿತು. ಆಮೇಲೆ ರಾತ್ರಿ ಸ್ವಲ್ಪ ನಿದ್ದೆ ಬಂತು. ಈಗ ಉಳಿದವರಿಗೆಲ್ಲ ಕಂತಿನಷ್ಟೇ ಕಟ್ಟುತ್ತೇನೆ. ಉಳಿಯುವ ಪ್ರತಿ ಕಾಸೂ ಆ ದಿನದ ಕಡಿತದ ಸಾಲಕ್ಕೆ, ಶುಲ್ಕ ಕೊಟ್ಟಾದರೂ ಸರಿ. ಲೆಕ್ಕ ಹಾಕಿ ನೋಡಿದ್ದೇನೆ, ಶುಲ್ಕಕ್ಕಿಂತ ಉಳಿಯುವ ಬಡ್ಡಿ ಜಾಸ್ತಿ. ಮೊದಲ ಸಾಲದವರ ಹತ್ತಿರ ಹೋಗಿ ಅವಧಿ ಹೆಚ್ಚಿಸಿ, ಕಂತು ಇಳಿಸಿ ಅಂತ ಕೇಳಿದೆ. ಬಡ್ಡಿ ಒಟ್ಟು ಜಾಸ್ತಿ ಆಗುತ್ತದೆ, ಗೊತ್ತು. ಆದರೆ ಉಸಿರಾಡಲು ಜಾಗ ಬೇಕಲ್ಲ. ಮೂರು ಸಲ ಅಲೆದ ಮೇಲೆ ಅರ್ಜಿ ತಗೊಂಡಿದ್ದಾರೆ. ಹೊಸ ಗಿರಾಕಿಗಳಿಗೆ ಅರ್ಧ ಮುಂಗಡ ಇಲ್ಲದೆ ಮಷಿನ್ ಶುರು ಮಾಡುವುದಿಲ್ಲ ಅಂದೆ. ಇಬ್ಬರು ಬಿಟ್ಟು ಹೋದರು. ಹೋಗಲಿ.

ಆ ದೊಡ್ಡ ಗಿರಾಕಿಯ ಮುಂದಿನ ಆರ್ಡರ್ ನಿನ್ನೆ ರಾತ್ರಿ ಮುಗಿಯಿತು. ಪೆಟ್ಟಿಗೆಗಳು ಕಟ್ಟುಕಟ್ಟಾಗಿ ಬಾಗಿಲ ಪಕ್ಕದಲ್ಲೇ ಇವೆ, ಇನ್ನೂ ಇಂಕಿನ ವಾಸನೆ ಹೋಗಿಲ್ಲ. ಅರ್ಜೆಂಟ್ ಇದೆ, ಬೇಗ ಕಳಿಸಿ ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದಾರೆ. 140 ದಿನದ ಬಾಕಿ ನನ್ನ ಖಾತೆಗೆ ಬರುವ ತನಕ ಒಂದು ಪೆಟ್ಟಿಗೆಯೂ ಇಲ್ಲಿಂದ ಕದಲುವುದಿಲ್ಲ ಅಂತ ಹೇಳಿದ್ದೇನೆ.